ಗೆರೆ, ಆಕಾರ, ಮೈವಳಿಕೆ: ಇವನ್ನು ಕ್ಲಿಕ್ಕಿಸುವಾಗಲೇ ನೋಡುತ್ತೀರಾ, ಆಮೇಲೆ ಹುಡುಕುತ್ತೀರಾ?

ಬೆಳಗಿನ ಬಿಸಿಲು
ಎಲ್ಲರಿಗೂ ನಮಸ್ಕಾರ. ಎರಡು ಫೋಟೋ ಹಾಕಿದ್ದೇನೆ. ಎರಡೂ ನನ್ನ ಅಪ್ಪನವು. ಒಂದೇ ಕಿಟಕಿ, ಒಂದೇ ಬೆಳಿಗ್ಗೆ, ನಡುವೆ ಹತ್ತು ಸೆಕೆಂಡೂ ಇಲ್ಲ. ಮೊದಲನೆಯದರಲ್ಲಿ ಅಪ್ಪ ನನ್ನತ್ತ ನೋಡಿ ನಗುತ್ತಿದ್ದಾರೆ. ಕ್ಯಾಮೆರಾ ಕಂಡರೆ ಮುಖ ಬಿಗಿದುಕೊಳ್ಳುವ ಮನುಷ್ಯ ಅವರು. ಹೀಗೆ ನಕ್ಕ ಫೋಟೋ ನಮ್ಮ ಮನೆಯಲ್ಲಿ ಇನ್ನೊಂದಿಲ್ಲ. ಎರಡನೆಯದರಲ್ಲಿ ಅವರು ಮತ್ತೆ ಪತ್ರಿಕೆಗೆ ತಲೆ ಬಗ್ಗಿಸಿದ್ದಾರೆ. ಕಿಟಕಿ ಸರಳುಗಳ ನೆರಳು ಪತ್ರಿಕೆ, ಅಂಗಿ, ಕೈ ಎಲ್ಲದರ ಮೇಲೂ ಬಿದ್ದಿದೆ. ಮುಖ ಅರ್ಧ ಕತ್ತಲು.

ಮೊದಲನೆಯದನ್ನು ನಮ್ಮ ಗುಂಪಿನ ಮಾಸಿಕ ವಿಮರ್ಶೆಗೆ ಕೊಟ್ಟಿದ್ದೆ. ಹಿರಿಯರೊಬ್ಬರು ನೋಡಿ, "ಭಾವ ಇದೆ, ಚಿತ್ರ ಇಲ್ಲ. ಬೇರೆ ಫ್ರೇಮ್ ಇದೆಯೇ?" ಎಂದರು. ಎರಡನೆಯದನ್ನು ತೋರಿಸಿದೆ. ಗೆರೆ, ಆಕಾರ, ಘನರೂಪ, ಮೈವಳಿಕೆ (ಮೇಲ್ಮೈಯ ನಯ, ಒರಟು), ಛಾಯೆ, ಖಾಲಿ ಜಾಗ ಎಂದು ಹದಿನೈದು ನಿಮಿಷ ಮಾತಾಡಿದರು. ನಾನು ತಲೆಯಾಡಿಸಿದೆ.

ಮನೆಗೆ ಬಂದ ಮೇಲೆ ಒಂದೇ ಯೋಚನೆ. ಆ ಎರಡನೆಯದನ್ನು ಒತ್ತುವಾಗ ನಾನು ಇದ್ಯಾವುದನ್ನೂ ನೋಡಿರಲಿಲ್ಲ. ಬೆರಳು ಇನ್ನೂ ಬಟನ್ ಮೇಲಿತ್ತು, ಒತ್ತಿತು. ಹಾಗಾದರೆ ಇವು ನಿಜವಾಗಿ ತೆಗೆಯುವವರ ಕೆಲಸದಲ್ಲಿ ಇರುವ ಸಂಗತಿಗಳೇ? ಅಥವಾ ವಿಮರ್ಶಕರು ಆಮೇಲೆ ಮಾಡುವ ಮರಣೋತ್ತರ ಪರೀಕ್ಷೆಯೇ?

ಗೆರೆಗಾರ
ಎರಡನೆಯದು. ಚರ್ಚೆಯೇ ಬೇಡ.

ಮೊಬೈಲೇ ಸಾಕು
ಮೊದಲನೆಯದು. ಚರ್ಚೆ ಬೇಕು. ಇಪ್ಪತ್ತು ವರ್ಷ ಕಳೆದ ಮೇಲೆ ನಿಮ್ಮ ಮನೆಯ ಗೋಡೆಯ ಮೇಲೆ ಇರುವುದು ನಗುವ ಅಪ್ಪನೋ, ಸರಳಿನ ನೆರಳೋ?

ಹಳೆಯ ಕ್ಯಾಮೆರಾ
ಆ ಹಿರಿಯರು ಹದಿನೈದು ನಿಮಿಷ ತೆಗೆದುಕೊಂಡದ್ದು ಹೆಚ್ಚಾಯಿತು. ಎರಡೇ ಸಂಗತಿ ನೋಡಿ.

ಮೊದಲ ಫೋಟೋದಲ್ಲಿ ಅಪ್ಪನ ಕೂದಲು ಕಪ್ಪು, ಹಿಂದಿನ ಕಪಾಟೂ ಕಪ್ಪು. ತಲೆ ಎಲ್ಲಿ ಮುಗಿದು ಕಪಾಟು ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯುವುದಿಲ್ಲ. ಅದರ ಮೇಲೆ ಪರದೆಯ ಕೋಲು ಅವರ ಕಿವಿಯಿಂದ ಹೊರಟಂತಿದೆ. ನಗು ಇದೆ, ಆದರೆ ಆ ನಗುವನ್ನು ಹೊರುವುದಕ್ಕೆ ಒಂದು ತಲೆ ಇಲ್ಲ.

ಎರಡನೆಯದರಲ್ಲಿ ಒಂದೇ ಒಂದು ಸರಳಿನ ನೆರಳನ್ನು ಹಿಡಿದು ಮೇಲಿನಿಂದ ಕೆಳಗೆ ಬನ್ನಿ. ಪತ್ರಿಕೆಯ ಮೇಲೆ ನೇರವಾಗಿ ಬರುತ್ತದೆ. ಮಡಿಕೆಯ ಹತ್ತಿರ ಟಕ್ಕನೆ ಮುರಿಯುತ್ತದೆ. ತೋಳಿನ ಬಟ್ಟೆಯ ಮೇಲೆ ಅಲೆಯಾಗುತ್ತದೆ. ಮುಂಗೈಯ ಮೇಲೆ ಹತ್ತಿ, ನರವೊಂದನ್ನು ದಾಟಿ, ಹೆಬ್ಬೆರಳಿನ ಬುಡದಲ್ಲಿ ಇಳಿಯುತ್ತದೆ. ಸರಳು ನೇರವಾದದ್ದೆಂದು ನಮಗೆ ಗೊತ್ತು. ಹಾಗಾಗಿ ನೆರಳು ಎಲ್ಲಿ ಬಾಗಿದರೂ ಅಲ್ಲಿನ ಉಬ್ಬು ತಗ್ಗು ನಮಗೆ ತಿಳಿಯುತ್ತದೆ. ಫೋಟೋ ಚಪ್ಪಟೆ ಕಾಗದ. ಅದರಲ್ಲಿರುವ ಕೈ ಗುಂಡಗಿದೆ ಎಂದು ನಿಮಗೆ ಹೇಳಿದ್ದು ಯಾರು? ಆ ಗೆರೆ. ಇದು ವಿಮರ್ಶಕರ ಕಲ್ಪನೆಯಲ್ಲ, ಕಾಗದದ ಮೇಲೆ ನಡೆಯುತ್ತಿರುವ ಕೆಲಸ.

ಇನ್ನು ನಿಮ್ಮ ಪ್ರಶ್ನೆ. "ಮನೆಯಲ್ಲಿ" ಎನ್ನುವಾಗ ನಾವು ಸಪ್ತಮಿ ವಿಭಕ್ತಿ ಹಚ್ಚಬೇಕೆಂದು ಯೋಚಿಸುತ್ತೇವೆಯೇ? ಇಲ್ಲ. ಯಾರಾದರೂ ತಪ್ಪು ಹಚ್ಚಿದರೆ ಕಿವಿಗೆ ಚುಚ್ಚುತ್ತದೆ, ಅಷ್ಟೇ. ಇದೂ ಹಾಗೆ.

ಚೌಕಟ್ಟಿನಾಚೆ
ವಿಭಕ್ತಿಯ ಹೋಲಿಕೆ ಕೇಳಲು ಚೆನ್ನಾಗಿದೆ, ನಿಲ್ಲುವುದಿಲ್ಲ. ವಿಭಕ್ತಿ ತಪ್ಪಿದರೆ ಹಳ್ಳಿಯ ಮಗುವಿಗೂ ಗೊತ್ತಾಗುತ್ತದೆ. ಕಿವಿಯಿಂದ ಹೊರಟ ಪರದೆ ಕೋಲು ಗೊತ್ತಾಗುವುದು ನಮ್ಮಂಥವರಿಗೆ ಮಾತ್ರ. ಕಲಿತವರಿಗೆ ಮಾತ್ರ ಕಾಣುವ ತಪ್ಪು ಯಾರ ತಪ್ಪು?

ಹಳೆಯ ಕ್ಯಾಮೆರಾ
ಕಲಿಯದವರಿಗೂ ಕಾಣುತ್ತದೆ, ಹೆಸರು ಗೊತ್ತಿರುವುದಿಲ್ಲ. "ಅದೇಕೋ ಸರಿ ಬಂದಿಲ್ಲ" ಎನ್ನುತ್ತಾರೆ. ಆ "ಅದೇಕೋ" ಇದೆಯಲ್ಲ, ಅದರ ಒಳಗೆ ಇಷ್ಟೆಲ್ಲ ಇದೆ.

ಕಪ್ಪುಬಿಳುಪು
ಸುಲಭದ ಪರೀಕ್ಷೆ ಇದೆ. ಎರಡೂ ಫೋಟೋಗಳನ್ನು ತಲೆಕೆಳಗಾಗಿಸಿ ನೋಡಿ. ಅಪ್ಪ, ನಗು, ಪತ್ರಿಕೆ ಎಲ್ಲ ಹಿಂದೆ ಸರಿದು ಕಪ್ಪು ತುಂಡು, ಬಿಳಿ ತುಂಡು, ಗೆರೆಗಳು ಮಾತ್ರ ಉಳಿಯುತ್ತವೆ. ಮೊದಲನೆಯದು ಕೆಸರಿನಂತೆ ಕಲೆಸಿ ಹೋಗುತ್ತದೆ, ಎರಡನೆಯದು ನಿಲ್ಲುತ್ತದೆ.

ದೊಡ್ಡ ತಟ್ಟೆಯ ಕ್ಯಾಮೆರಾ ಬಳಸುತ್ತಿದ್ದವರಿಗೆ ಈ ಪರೀಕ್ಷೆ ಬೇಕೇ ಇರಲಿಲ್ಲ. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದರೆ ಮಂಜುಗಾಜಿನ ಮೇಲೆ ಚಿತ್ರ ಕಾಣುತ್ತಿದ್ದುದೇ ತಲೆಕೆಳಗಾಗಿ. ಅವರು ವಸ್ತುವಿಗಿಂತ ಮೊದಲು ಆಕಾರವನ್ನು ನೋಡಲೇಬೇಕಿತ್ತು.

ಸುಮ್ಮನೆ ಓದುವವ
ತಲೆಕೆಳಗೆ ಮಾಡಿದೆ. ಫೋನ್ ತಿರುಗಿಸಿದರೆ ಫೋಟೋನೂ ತಿರುಗಿ ನೆಟ್ಟಗಾಗುತ್ತದೆ. ಕೊನೆಗೆ ನಾನೇ ಮಂಚದಿಂದ ತಲೆ ಜೋತು ಬಿಟ್ಟು ನೋಡಿದೆ. ಎರಡನೆಯದು ಚೆನ್ನಾಗಿದೆ. ಕುತ್ತಿಗೆ ಚೆನ್ನಾಗಿಲ್ಲ.

ಪದಪ್ರೇಮಿ
ಮಧ್ಯೆ ಬಾಯಿ ಹಾಕುತ್ತೇನೆ. ಆರಂಭದ ಬರಹದಲ್ಲಿ "ಆಕಾರ", "ಘನರೂಪ" ಎಂದು ಬೇರೆ ಬೇರೆ ಹೇಳಿದ್ದೀರಿ, ಸಂತೋಷ. ಬಹುತೇಕರು ಎರಡಕ್ಕೂ "ಆಕಾರ" ಎಂದೇ ಬರೆಯುತ್ತಾರೆ. ಹೊರಗೆರೆ ಮಾತ್ರ ಇದ್ದರೆ ಆಕಾರ, ಅದಕ್ಕೆ ದಪ್ಪ ಬಂದರೆ ಘನರೂಪ. ವೃತ್ತ ಆಕಾರ, ಚೆಂಡು ಘನರೂಪ. ವೃತ್ತವನ್ನು ಚೆಂಡು ಮಾಡುವುದು ನೆರಳು.

ಗೆರೆಗಾರ
"ಮೈವಳಿಕೆ" ಎಂಬ ಪದ ಮಾತ್ರ ನನಗೆ ಇವತ್ತಿಗೂ ಒಗ್ಗಿಲ್ಲ. ಟೆಕ್ಸ್ಚರ್ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಪದಪ್ರೇಮಿ
ಟೆಕ್ಸ್ಚರ್ ಎಂದರೆ ಕಣ್ಣಿಗೆ ಅರ್ಥವಾಗುತ್ತದೆ. ಮೈವಳಿಕೆ ಎಂದರೆ ಬೆರಳಿಗೆ ಅರ್ಥವಾಗುತ್ತದೆ. "ಮೈ" ಇದೆ ನೋಡಿ ಅದರಲ್ಲಿ. ಗೋಡೆಗೂ ಮೈ ಇದೆ, ಕಲ್ಲಿಗೂ ಮೈ ಇದೆ. ಅದಕ್ಕಿಂತ ಹೆಚ್ಚೇನು ಬೇಕು?

ಇನ್ನೊಂದು. ಬೇರೆಯವರು ಈ ಕಲೆಯನ್ನು ಬೆಳಕಿನಿಂದ ಬರೆಯುವುದು ಎಂದರು. ನಾವು ಛಾಯಾಗ್ರಹಣ ಎಂದೆವು, ಅಂದರೆ ನೆರಳನ್ನು ಹಿಡಿಯುವುದು. ಗ್ರೀಕರು ಬೆಳಕು ನೋಡಿದರು, ನಾವು ನೆರಳು ನೋಡಿದೆವು.

ಕಪ್ಪುಬಿಳುಪು
ಗ್ರೀಕರು ಫೋಟೋ ತೆಗೆಯಲಿಲ್ಲ ಸ್ವಾಮಿ. ಗ್ರೀಕ್ ಪದಗಳನ್ನು ಜೋಡಿಸಿ "ಫೋಟೋಗ್ರಫಿ" ಎಂಬ ಹೆಸರನ್ನು 1839ರಲ್ಲಿ ಚಲಾವಣೆಗೆ ತಂದವರು ಖಗೋಳ ವಿಜ್ಞಾನಿ ಜಾನ್ ಹರ್ಷೆಲ್. ಉಳಿದದ್ದು ಒಪ್ಪಿಗೆ. ಛಾಯೆ ಎಂದರೆ ನೆರಳೂ ಹೌದು, ಬಣ್ಣದ ಗಾಢತೆಯ ಮಟ್ಟವೂ ಹೌದು. ಒಂದೇ ಪದಕ್ಕೆ ಎರಡು ಕೆಲಸ. ಈ ವಿಷಯದಲ್ಲಿ ಕನ್ನಡ ಪುಣ್ಯ ಮಾಡಿದೆ.

ನಿಧಾನ
ನೆರಳಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಉಳಿದುಕೊಂಡಿರುವ ಅತಿ ಹಳೆಯ ಕ್ಯಾಮೆರಾ ಚಿತ್ರ 1826–27ರ ಸುಮಾರಿಗೆ ಫ್ರಾನ್ಸಿನ ನೀಪ್ಸ್ ತನ್ನ ಮನೆಯ ಕಿಟಕಿಯಿಂದ ತೆಗೆದದ್ದು. ತಟ್ಟೆಗೆ ಹಲವು ಗಂಟೆ ಬೆಳಕು ಬೇಕಾಯಿತು. ಅಷ್ಟರೊಳಗೆ ಸೂರ್ಯ ಆ ಕಡೆಯಿಂದ ಈ ಕಡೆಗೆ ಬಂದುಬಿಟ್ಟ. ಹಾಗಾಗಿ ಕಟ್ಟಡಗಳ ಎರಡೂ ಬದಿಗೆ ಬಿಸಿಲು ಬಿದ್ದಿದೆ. ನೋಡಿದರೆ ಯಾವುದು ಗೋಡೆ, ಯಾವುದು ಮಾಡು ಎಂದು ಅರೆಕ್ಷಣ ಗೊಂದಲವಾಗುತ್ತದೆ. ಬೆಳಕು ಒಂದೇ ಕಡೆಯಿಂದ ಬರದಿದ್ದರೆ ಘನರೂಪ ಹೇಗೆ ಕಲಸಿಹೋಗುತ್ತದೆ ಎಂಬುದಕ್ಕೆ ಛಾಯಾಗ್ರಹಣ ಹುಟ್ಟಿದ ದಿನವೇ ಉದಾಹರಣೆ ಸಿಕ್ಕಿದೆ.

ಮೊಬೈಲೇ ಸಾಕು
ಅದನ್ನೇ ಈಗ ನನ್ನ ಫೋನ್ ಒಂದು ಕ್ಷಣದಲ್ಲಿ ಮಾಡುತ್ತದೆ, ಪ್ರಗತಿ ನೋಡಿ.

ಹಳೆಯ ಕ್ಯಾಮೆರಾ
ತಮಾಷೆಗೆ ಹೇಳಿದಿರಿ, ಆದರೆ ಇದು ನಿಜವಾದ ತೊಂದರೆ. ಈಗಿನ ಫೋನ್‌ಗಳು ಹಲವು ಫ್ರೇಮ್‌ಗಳನ್ನು ಬೆಸೆದು ಕತ್ತಲಿದ್ದ ಕಡೆ ಬೆಳಕು ಎತ್ತುತ್ತವೆ. ನೆರಳಿನಲ್ಲಿ ವಿವರ ಕಾಣುತ್ತದೆ, ನೆರಳು ಕಾಣುವುದಿಲ್ಲ. ಈ ಎರಡನೆಯ ಫೋಟೋವನ್ನು ಹಾಗೆ ತೆಗೆದಿದ್ದರೆ ಮುಖದ ಕತ್ತಲ ಅರ್ಧವೂ ಬೂದು ಬಣ್ಣಕ್ಕೆ ತಿರುಗಿ, ಸರಳಿನ ಗೆರೆಗಳು ಕೊಳೆಯ ಪಟ್ಟಿಗಳಂತೆ ಕಾಣುತ್ತಿದ್ದವು.

ನಮ್ಮ ಪರಿಚಿತರೊಬ್ಬರು ಹೀಗೆ ಕಳೆದುಕೊಂಡದ್ದುಂಟು. ದೀಪದ ಬೆಳಕಿನಲ್ಲಿ ಮಗು ಮಲಗಿದ್ದ ಫೋಟೋ. ಕಣ್ಣಾರೆ ನೋಡಿದ್ದು ಕೆನ್ನೆಯ ಒಂದು ಕಮಾನು, ಉಳಿದದ್ದೆಲ್ಲ ಕತ್ತಲೆ. ಫೋನ್ ಕೊಟ್ಟದ್ದು ಮಗು, ಹಾಸಿಗೆ, ಹೊದಿಕೆಯ ಹೂವು, ಚಾರ್ಜರ್ ತಂತಿ. ಎಲ್ಲ ಇದೆ, ಕೆನ್ನೆ ಇಲ್ಲ.

ಗೆರೆಗಾರ
ಒಡ್ಡುವಿಕೆಯನ್ನು (ಎಕ್ಸ್‌ಪೋಶರ್) ಬೆರಳಿಂದ ಕೆಳಗೆ ಎಳೆದರೆ ಮುಗಿಯಿತು. ಫೋನ್ ಮೇಲೆ ಯಾಕೆ ಸಿಟ್ಟು?

ಮೂರನೆಯ ಸಾಲು
ಎಲ್ಲರೂ ಬೆಳಕು ನೆರಳು ಎನ್ನುತ್ತಿದ್ದೀರಿ. ಮೂಲಭೂತ ವಿಷಯವನ್ನೇ ಬಿಟ್ಟಿದ್ದೀರಿ. ಎರಡನೆಯ ಫೋಟೋ ಚೆನ್ನಾಗಿರಲು ಕಾರಣ ಅಪ್ಪನ ಕೈ ಸರಿಯಾಗಿ ಚೌಕಟ್ಟನ್ನು ಮೂರು ಸಮಭಾಗ ಮಾಡುವ ಗೆರೆಯ ಮೇಲೆ ಬಂದಿದೆ. ಮುಖ್ಯವಾದದ್ದು ಅಲ್ಲಿರಬೇಕು ಎಂಬುದೇ ನಿಯಮ. ಮೊದಲನೆಯದರಲ್ಲಿ ಮುಖ ನಟ್ಟ ನಡುವೆ. ಅಲ್ಲಿಗೇ ಮುಗಿಯಿತು.

ಚೌಕಟ್ಟಿನಾಚೆ
ಬಂದರಪ್ಪ.

ಕಪ್ಪುಬಿಳುಪು
ಮೂರನೆಯ ಸಾಲಿನವರೇ, ಆ ನಿಯಮದ ಹುಟ್ಟು ಗೊತ್ತೇ? ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ 1797ರಲ್ಲಿ ಬರೆದದ್ದು. ಕ್ಯಾಮೆರಾ ಬರುವ ಮೊದಲು, ನಿಸರ್ಗ ದೃಶ್ಯ ಬರೆಯುವವರಿಗೆ. ನೆಲ ಎಷ್ಟು, ಆಕಾಶ ಎಷ್ಟು, ಬೆಳಕು ಎಷ್ಟು, ಕತ್ತಲು ಎಷ್ಟು ಎಂಬ ಲೆಕ್ಕ ಅದು. ಅರ್ಧ ಅರ್ಧ ಬೇಡ, ಒಂದು ಹೆಚ್ಚಿರಲಿ, ಒಂದು ಕಡಿಮೆಯಿರಲಿ ಎಂಬುದು ಅದರ ತಿರುಳು. ಈಗಿನವರಿಗೆ ಉಳಿದಿರುವುದು ಪರದೆಯ ಮೇಲಿನ ನಾಲ್ಕು ಗೆರೆ ಮಾತ್ರ.

ಮೂರನೆಯ ಸಾಲು
ಹಳೆಯದು ಎಂದ ಮಾತ್ರಕ್ಕೆ ಸುಳ್ಳಾಗುತ್ತದೆಯೇ? ಸುಂದರವೆಂದು ಹೇಳಿಕೊಂಡು ಬಂದಿರುವ ಸುವರ್ಣ ಅನುಪಾತವೂ ಹತ್ತಿರ ಹತ್ತಿರ ಅದೇ.

ಕಪ್ಪುಬಿಳುಪು
ಹತ್ತಿರ ಹತ್ತಿರ ಎಂದು ಎಲ್ಲವನ್ನೂ ಎಲ್ಲದಕ್ಕೂ ಸೇರಿಸಬಹುದು. ಸುವರ್ಣ ಅನುಪಾತ 1.618. ಫಿಲ್ಮ್ ಫ್ರೇಮ್ 36×24 ಮಿಲಿಮೀಟರ್, ಅನುಪಾತ 1.5. ಅದು ಬಂದದ್ದು ಸೌಂದರ್ಯಶಾಸ್ತ್ರದಿಂದಲ್ಲ. ಸಿನಿಮಾ ಫಿಲ್ಮಿನ ಎರಡು ಫ್ರೇಮ್‌ಗಳ ಜಾಗವನ್ನು ಒಂದು ಸ್ಥಿರಚಿತ್ರಕ್ಕೆ ಕೊಟ್ಟದ್ದರಿಂದ. ಚೌಕ ಫ್ರೇಮಿನವರು ನಟ್ಟ ನಡುವೆಯೇ ಇಟ್ಟು ಎಷ್ಟು ಅದ್ಭುತ ಭಾವಚಿತ್ರ ತೆಗೆದಿದ್ದಾರೆ, ನೋಡಿದ್ದೀರಲ್ಲ?

ಮೊದಲ ಫೋಟೋ ಸೋತದ್ದು ಮುಖ ನಡುವೆ ಇರುವುದರಿಂದಲ್ಲ, ಮುಖಕ್ಕೆ ಅಂಚು ಇಲ್ಲದ್ದರಿಂದ. ಆ ಕಪಾಟಿನ ಬಾಗಿಲು ಬಿಳಿಯಾಗಿದ್ದರೆ ನಡುವೆಯೇ ಗೆಲ್ಲುತ್ತಿತ್ತು.

ಬೆಳಗಿನ ಬಿಸಿಲು
ಎಲ್ಲರ ಮಾತು ಓದುತ್ತಿದ್ದೇನೆ. ಕಪಾಟಿನ ವಿಷಯ ಗೊತ್ತಾದ ಮೇಲೆ ನನಗೆ ಈಗ ಮೊದಲ ಫೋಟೋದಲ್ಲಿ ಅದೇ ಕಾಣುತ್ತಿದೆ, ಅಪ್ಪ ಕಾಣುತ್ತಿಲ್ಲ. ಇದಕ್ಕೆ ಥ್ಯಾಂಕ್ಸ್ ಹೇಳಬೇಕೋ ಬೈಯಬೇಕೋ ತಿಳಿಯುತ್ತಿಲ್ಲ.

ಕಣ್ಣುಮುಚ್ಚಾಲೆ
ಯಾರೂ ಕೇಳಿಲ್ಲ, ನಾನು ಕೇಳುತ್ತೇನೆ. ಎರಡನೆಯ ಫೋಟೋದ ಎಡಗಡೆ ಕೆಳಮೂಲೆಯಲ್ಲಿ ಬೆಳ್ಳಗೆ ಒಂದು ತ್ರಿಕೋನ ಇದೆಯಲ್ಲ, ಅದೇನು?

ಗೆರೆಗಾರ
ಅರೆ ಹೌದು. ಕತ್ತರಿಸಿ ಹಾಕಿ. ಕಣ್ಣು ಸೀದಾ ಅಲ್ಲಿಗೇ ಹೋಗುತ್ತಿದೆ.

ನಿಧಾನ
ಕೇಳುವವರೆಗೆ ಯಾರ ಕಣ್ಣೂ ಹೋಗಿರಲಿಲ್ಲವಲ್ಲ!

"ಕಣ್ಣು ಅಲ್ಲಿಗೆ ಹೋಗುತ್ತದೆ", "ಈ ಗೆರೆ ಕಣ್ಣನ್ನು ಒಳಗೆ ಕರೆದೊಯ್ಯುತ್ತದೆ" ಎಂದು ನಾವು ಭಾರೀ ಧೈರ್ಯದಿಂದ ಹೇಳುತ್ತೇವೆ. ರಷ್ಯಾದ ಆಲ್ಫ್ರೆಡ್ ಯಾರ್ಬುಸ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಪ್ರಕಟಿಸಿದ ಪ್ರಯೋಗಗಳಿವೆ. ಇಲ್ಯಾ ರೆಪಿನ್‌ನ ಒಂದು ವರ್ಣಚಿತ್ರವನ್ನು ಜನರ ಮುಂದೆ ಇಟ್ಟು ಕಣ್ಣಿನ ಓಡಾಟವನ್ನು ದಾಖಲಿಸಿದರು. ಕೋಣೆಗೆ ಅನಿರೀಕ್ಷಿತವಾಗಿ ಒಬ್ಬ ಬಂದು ನಿಂತಿರುವ ಚಿತ್ರ. ಸುಮ್ಮನೆ ನೋಡಿ ಎಂದಾಗ ಒಂದು ದಾರಿ, ಇವರ ವಯಸ್ಸೆಷ್ಟು ಹೇಳಿ ಎಂದಾಗ ಇನ್ನೊಂದು ದಾರಿ, ಮನೆಯವರ ಆರ್ಥಿಕ ಸ್ಥಿತಿ ಹೇಗಿದೆ ಎಂದಾಗ ಮತ್ತೊಂದು. ಕಣ್ಣು ಸುತ್ತಿ ಸುತ್ತಿ ಮುಖಗಳಿಗೇ ಮರಳುತ್ತಿತ್ತು. ರೈಲು ಹಳಿಯ ಮೇಲೆ ಹೋದಂತೆ ಕಣ್ಣು ಗೆರೆಯ ಮೇಲೆ ಹೋಗುವುದಿಲ್ಲ. ಏನು ಹುಡುಕುತ್ತಿದ್ದೇವೆ ಎಂಬುದೇ ಕಣ್ಣನ್ನು ಓಡಿಸುತ್ತದೆ.

ಗೆರೆಗಾರ
ಹಾಗಾದರೆ ಗೆರೆಗಳಿಗೆ ಕೆಲಸವೇ ಇಲ್ಲ ಎನ್ನುತ್ತೀರಾ? ನನ್ನ ಹೆಸರನ್ನೇ ಬದಲಿಸಿಕೊಳ್ಳಬೇಕೇ?

ನಿಧಾನ
ಹೆಸರು ಇಟ್ಟುಕೊಳ್ಳಿ. ಗೆರೆಗೆ ಕೆಲಸ ಇದೆ, ಕಣ್ಣನ್ನು ಎಳೆದೊಯ್ಯುವ ಕೆಲಸ ಅಲ್ಲ ಎಂದೆ. ಹಳೆಯ ಕ್ಯಾಮೆರಾ ಹೇಳಿದ್ದು ನೋಡಿ: ಗೆರೆ ಅಲ್ಲಿ ಕೈ ಗುಂಡಗಿದೆ ಎಂದು ತಿಳಿಸುತ್ತಿದೆ. ಇನ್ನೊಂದು ಕಡೆ ಗೆರೆ ಎರಡು ವಸ್ತುಗಳನ್ನು ಒಂದೇ ಗುಂಪಿಗೆ ಸೇರಿಸುತ್ತದೆ, ಮತ್ತೊಂದು ಕಡೆ ಬೇರ್ಪಡಿಸುತ್ತದೆ. ಹತ್ತಿರ ಇರುವುದು, ಒಂದೇ ತರಹ ಇರುವುದು, ಒಂದರ ಮುಂದುವರಿಕೆಯಂತೆ ಕಾಣುವುದು ಇವನ್ನೆಲ್ಲ ಮನಸ್ಸು ತಾನಾಗಿ ಗುಂಪು ಕಟ್ಟುತ್ತದೆ ಎಂದು ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ತೈಮರ್ 1923ರಲ್ಲೇ ವಿವರಿಸಿದ್ದರು. ಕಿವಿಯಿಂದ ಪರದೆ ಕೋಲು ಹೊರಡುವುದೂ ಅದೇ ಕಾರಣಕ್ಕೆ. ಕೋಲಿನ ಗೆರೆ ಕಿವಿಯ ಹತ್ತಿರ ಮುಗಿಯಿತು, ಮನಸ್ಸು ಎರಡನ್ನೂ ಹೊಲಿದುಬಿಟ್ಟಿತು.

ಚೌಕಟ್ಟಿನಾಚೆ
ನನಗೆ ಈ ಇಡೀ ಚರ್ಚೆಯ ದಿಕ್ಕೇ ಇಷ್ಟವಾಗುತ್ತಿಲ್ಲ, ಬೇಸರಿಸಬೇಡಿ. ಒಬ್ಬ ಮಗಳು ನಗುವ ಅಪ್ಪನ ಫೋಟೋ ತಂದಳು. ನಾವು ಕಪಾಟಿನ ಬಣ್ಣ ಮಾತಾಡುತ್ತಿದ್ದೇವೆ. ರೂಪ ಚೆನ್ನಾಗಿದ್ದು ಒಳಗೆ ಏನೂ ಇಲ್ಲದ ಸಾವಿರಾರು ಫೋಟೋಗಳನ್ನು ಸ್ಪರ್ಧೆಗಳಲ್ಲಿ ನೋಡಿ ನೋಡಿ ಸಾಕಾಗಿದೆ. ಸುರುಳಿ ಮೆಟ್ಟಿಲು ಮೇಲಿನಿಂದ. ಖಾಲಿ ಗೋಡೆ, ಮೂಲೆಯಲ್ಲಿ ಕೊಡೆ ಹಿಡಿದ ಒಬ್ಬ. ಮರುಭೂಮಿಯ ಮರಳಿನ ಬಾಗು. ಎಲ್ಲಕ್ಕೂ ಪದಕ. ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ.

ಹಳೆಯ ಕ್ಯಾಮೆರಾ
ಮರಳಿನ ಬಾಗಿನ ವಿಷಯದಲ್ಲಿ ನಿಮ್ಮ ಜೊತೆಗಿದ್ದೇನೆ. ಆದರೆ ನೆನಪಿನಲ್ಲಿ ಉಳಿದ ಒಂದನ್ನು ತೆಗೆದುಕೊಳ್ಳಿ. ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ 1936ರಲ್ಲಿ ತೆಗೆದ ವಲಸೆ ತಾಯಿಯ ಚಿತ್ರ. ಇದಕ್ಕಿಂತ "ವಸ್ತು" ಇರುವ ಫೋಟೋ ಬೇಕೇ? ಆ ಹೊತ್ತು ಆಕೆ ಅದೇ ಕುಟುಂಬದ ಹಲವು ಫ್ರೇಮ್ ತೆಗೆದಿದ್ದರು. ದೂರದಿಂದ ತೆಗೆದದ್ದರಲ್ಲಿ ಡೇರೆ ಇದೆ, ಸಾಮಾನು ಇದೆ, ಬಡತನದ ಮಾಹಿತಿ ಹೆಚ್ಚೇ ಇದೆ. ಲೋಕ ನೆನಪಿಟ್ಟುಕೊಂಡದ್ದು ಹತ್ತಿರದ್ದನ್ನು. ಇಬ್ಬರು ಮಕ್ಕಳು ಮುಖ ತಿರುಗಿಸಿ ತಾಯಿಯ ಎರಡು ಹೆಗಲಿಗೆ ಒರಗಿದ್ದಾರೆ. ಅವರ ಮುಖ ಕಾಣುವುದಿಲ್ಲ, ತಲೆಗಳು ಎರಡು ಗುಂಡುಗಳಾಗಿ ನಡುವಿನ ಮುಖವನ್ನು ಹಿಡಿದಿವೆ. ಕೆಳಗಿನಿಂದ ತಾಯಿಯ ಕೈ ಗಲ್ಲಕ್ಕೆ ಏರಿದೆ. ಆ ಮಕ್ಕಳು ಕ್ಯಾಮೆರಾ ನೋಡಿ ಕುತೂಹಲದಿಂದ ಕಣ್ಣರಳಿಸಿದ್ದರೆ ಅದೇ ತಾಯಿ, ಅದೇ ಸಂಕಟ, ಆದರೆ ಫೋಟೋ ಬೇರೆಯೇ ಆಗುತ್ತಿತ್ತು.

ಮತ್ತೆ ಲ್ಯಾಂಗ್ ಅವರಿಗೆ ಅಷ್ಟೂ ಸಾಲಲಿಲ್ಲ. ಬಲಗಡೆ ಕೆಳಮೂಲೆಯಲ್ಲಿ ಡೇರೆಯ ಕಂಬ ಹಿಡಿದಿದ್ದ ಹೆಬ್ಬೆರಳೊಂದು ಮುನ್ನೆಲೆಗೆ ಬಂದಿತ್ತು. ಆಮೇಲೆ ನೆಗೆಟಿವ್ ತಿದ್ದಿಸಿ ಅದನ್ನು ಮಸುಕು ಮಾಡಿಸಿದರು.

ಚೌಕಟ್ಟಿನಾಚೆ
ಆ ಹೆಬ್ಬೆರಳು ಇದ್ದಿದ್ದರೆ ಲೋಕ ಆ ಫೋಟೋವನ್ನು ಮರೆಯುತ್ತಿತ್ತೇ? ಇಲ್ಲ. ತಿದ್ದುವ ಮೊದಲೇ ಅದು ಪ್ರಸಿದ್ಧವಾಗಿತ್ತು. ನನ್ನ ವಾದಕ್ಕೇ ಉದಾಹರಣೆ ಕೊಟ್ಟಿರಿ.

ಹಳೆಯ ಕ್ಯಾಮೆರಾ
ಹೆಬ್ಬೆರಳು ನಿಮ್ಮದು, ತಲೆಗಳು ನನ್ನವು. ಸಮ ಸಮ.

ಕಪ್ಪುಬಿಳುಪು
ರೂಪದ ಹುಚ್ಚಿಗೆ ಬೈಸಿಕೊಂಡವರಲ್ಲಿ ಸೋವಿಯತ್ ಛಾಯಾಗ್ರಾಹಕ ರಾಡ್ಚೆಂಕೊ ಮೊದಲಿಗ. ಮಹಡಿಯಿಂದ ಕೆಳಗೆ, ನೆಲದಿಂದ ಮೇಲೆ, ಓರೆಯಾಗಿ. ಹೊಸ ಸಮಾಜವನ್ನು ಹೊಕ್ಕುಳ ಮಟ್ಟದಿಂದ ನೋಡಬೇಡಿ ಎಂಬುದು ಅವನ ಹಟ. 1928ರಿಂದಲೇ ಸೋವಿಯತ್ ಪತ್ರಿಕೆಯಲ್ಲಿ ಟೀಕೆ ಶುರುವಾಯಿತು. "ರೂಪವಾದಿ" ಎನ್ನುವುದು ಅಲ್ಲಿ ಬೈಗುಳ, ಅದೂ ಅಪಾಯದ ಬೈಗುಳ. 1930ರ ಅವನ ಮೆಟ್ಟಿಲುಗಳ ಚಿತ್ರ ನೋಡಿದರೆ ಮಗು ಎತ್ತಿಕೊಂಡ ಹೆಂಗಸು ಓರೆಗೆರೆಗಳ ಮೇಲೆ ಹತ್ತುತ್ತಿದ್ದಾಳೆ. ಕ್ಯಾಮೆರಾವನ್ನು ನೆಟ್ಟಗೆ ಹಿಡಿದಿದ್ದರೆ ಅದು ಮೆಟ್ಟಿಲು ಹತ್ತುವ ಹೆಂಗಸಿನ ಫೋಟೋ ಅಷ್ಟೇ. ಓರೆ ಮಾಡಿದ್ದರಿಂದ ಹತ್ತುವುದೇ ಕಾಣುತ್ತದೆ.

ಮೊಬೈಲೇ ಸಾಕು
ಇಲ್ಲಿ ಎಲ್ಲವೂ ಕಪ್ಪುಬಿಳುಪು. ಬಣ್ಣ ಎಂಬುದು ಒಂದಿದೆ, ಯಾರಾದರೂ ಕೇಳಿದ್ದೀರಾ?

ಬೆಳಗಿನ ಬಿಸಿಲು
ನಾನೇ ಕಪ್ಪುಬಿಳುಪಿಗೆ ತಿರುಗಿಸಿದ್ದು. ಬಣ್ಣದಲ್ಲಿ ಅಪ್ಪನ ಹಿಂದೆ ಕೆಂಪು ಪ್ಲಾಸ್ಟಿಕ್ ಬಕೆಟ್ ಇತ್ತು. ಅದು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಕಪ್ಪುಬಿಳುಪು
ಅದೇ ಪಾಠ. ಕೆಂಪು ಬಕೆಟ್ ಬೂದು ಬಣ್ಣಕ್ಕೆ ಇಳಿದಾಗ ಬೂದು ಅಂಗಿಯ ಪಕ್ಕ ಕರಗಿಹೋಯಿತು. ಬಣ್ಣದಲ್ಲಿ ಕಿತ್ತಾಡುವ ಎರಡು ವಸ್ತುಗಳು ಛಾಯೆಯಲ್ಲಿ ಒಂದೇ ಆಗಿರಬಹುದು. ತಿರುಗಾಮುರುಗಾ ಕೂಡ ನಿಜ. ಅಮೆರಿಕದ ಛಾಯಾಗ್ರಾಹಕ ವಿಲಿಯಂ ಎಗಲ್‌ಸ್ಟನ್ 1973ರಲ್ಲಿ ತೆಗೆದ ಕೆಂಪು ಸೂರಿನ ಚಿತ್ರವನ್ನು ಬೂದು ಮಾಡಿ ನೋಡಿ. ಒಂದು ಬಲ್ಬು, ಅಲ್ಲಿಂದ ಹರಡಿದ ಬಿಳಿ ತಂತಿಗಳು, ಮೂಲೆಯ ಗೋಡೆ. ಗೆರೆಗಳೇನೋ ಉಳಿಯುತ್ತವೆ. ಆದರೆ ಆ ಕೋಣೆಯಲ್ಲಿ ಉಸಿರು ಕಟ್ಟುತ್ತಿದ್ದುದು ಕೆಂಪಿನಿಂದ. ಅವನ ಬಣ್ಣದ ಫೋಟೋಗಳನ್ನು 1976ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಪ್ರದರ್ಶಿಸಿದಾಗ ವಿಮರ್ಶಕರು ಉಗಿದಿದ್ದರು. ಬಣ್ಣ ಎಂದರೆ ಜಾಹೀರಾತಿಗೆ, ಕಲೆಗಲ್ಲ ಎಂಬ ಕಾಲ.

ನನ್ನ ಹೆಸರು ನೋಡಿ ಬಣ್ಣದ ವಿರೋಧಿ ಎಂದುಕೊಳ್ಳಬೇಡಿ. ಬಣ್ಣ ಕಷ್ಟ, ಅದಕ್ಕೇ ತಪ್ಪಿಸಿಕೊಂಡಿದ್ದೇನೆ.

ಸುಮ್ಮನೆ ಓದುವವ
ಆ ತ್ರಿಕೋನ ಏನು ಎಂದು ಇನ್ನೂ ಯಾರೂ ಹೇಳಿಲ್ಲ.

ಬೆಳಗಿನ ಬಿಸಿಲು
ನನಗೂ ಗೊತ್ತಿಲ್ಲ! ದೊಡ್ಡದು ಮಾಡಿ ನೋಡಿದರೆ ಬೆಳ್ಳಗೆ ಮಸುಕಾಗಿದೆ. ದಿಂಬಿನ ಮೂಲೆ ಇರಬಹುದು. ಗೆರೆಗಾರ ಹೇಳಿದಂತೆ ಕತ್ತರಿಸಿ ಮೂರನೆಯ ಫೋಟೋ ಹಾಕಿದ್ದೇನೆ, ನೋಡಿ.

ಗೆರೆಗಾರ
ಈಗ ಶುದ್ಧವಾಯಿತು.

ಮೂರನೆಯ ಸಾಲು
ಕತ್ತರಿಸಿದ್ದರಿಂದ ಕೈ ಮೂರನೆಯ ಗೆರೆಯಿಂದ ಆಚೆ ಹೋಯಿತು.

ನಿಧಾನ
ಮೂರನೆಯ ಗೆರೆ ಹಾಳಾಗಲಿ, ಫೋಟೋ ಸತ್ತುಹೋಯಿತು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಮೊದಲು ಎಡಗಡೆ ಇಡೀ ಕತ್ತಲೆ ನೆಲ, ಅದರ ತುದಿಯಲ್ಲಿ ಒಂದು ಚೂರು ಬಿಳಿ. ಬಲಗಡೆ ಪತ್ರಿಕೆಯ ದೊಡ್ಡ ಬಿಳಿ. ದೊಡ್ಡದಕ್ಕೂ ಚಿಕ್ಕದಕ್ಕೂ ನಡುವೆ ಅಪ್ಪ ಕೂತಿದ್ದರು. ಆ ಚೂರು ಇದ್ದದ್ದರಿಂದ ಕತ್ತಲೆಗೆ ಆಳ ಇತ್ತು, ಅಲ್ಲಿ ಒಂದು ಕೋಣೆ ಇದೆ ಎನಿಸುತ್ತಿತ್ತು. ಈಗ ಅದು ಕೋಣೆಯಲ್ಲ, ಕಪ್ಪು ಪಟ್ಟಿ. ತಕ್ಕಡಿಯಲ್ಲಿ ಒಂದು ಕಡೆ ಮಣ ಅಕ್ಕಿ, ಇನ್ನೊಂದು ಕಡೆ ತೂಕದ ಕಲ್ಲು ಚಿಕ್ಕದೇ ಇರಬಹುದು, ತೋಳು ಉದ್ದ ಇದ್ದರೆ ಸಾಕು. ಅಂಚಿನಲ್ಲಿರುವ ಚೂರಿಗೆ ಅಷ್ಟು ತೂಕ.

ಹಳೆಯ ಕ್ಯಾಮೆರಾ
ನಿಧಾನ ಹೇಳಿದ್ದು ಸರಿ. ನಾನೂ ಮೊದಲು ಕತ್ತರಿಸಿ ಎನ್ನುವವನಿದ್ದೆ. ಪಕ್ಕ ಪಕ್ಕ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡೆ.

ಚೌಕಟ್ಟಿನಾಚೆ
ಕತ್ತರಿಸುವುದೇ ತಪ್ಪು. ತೆಗೆದ ಚೌಕಟ್ಟಿಗೆ ನಿಷ್ಠೆ ಇರಬೇಕು. ಫ್ರೆಂಚ್ ಛಾಯಾಗ್ರಾಹಕ ಕಾರ್ಟಿಯೆ-ಬ್ರೆಸಾಂ ತಮ್ಮ ಚಿತ್ರಗಳನ್ನು ಕತ್ತರಿಸಲು ಬಿಡುತ್ತಿರಲಿಲ್ಲ.

ಕಪ್ಪುಬಿಳುಪು
ಅವರ ಅತಿ ಪ್ರಸಿದ್ಧ ಚಿತ್ರವೇ ಕತ್ತರಿಸಿದ್ದು! 1932, ಪ್ಯಾರಿಸ್ಸಿನ ಸೇಂಟ್ ಲಜಾರ್ ನಿಲ್ದಾಣದ ಹಿಂದೆ ನೀರಿನ ಮೇಲೆ ಹಾರುವ ಮನುಷ್ಯ. ಬೇಲಿಯ ಸಂದಿಯಿಂದ ತೆಗೆದದ್ದು. ನೆಗೆಟಿವ್‌ನ ಎಡಭಾಗದಲ್ಲಿ ಬೇಲಿಯೇ ಅಡ್ಡ ಬಂದಿತ್ತು, ಅದನ್ನು ತೆಗೆದುಹಾಕಲಾಗಿದೆ.

ಆ ಚಿತ್ರದ ಹಿನ್ನೆಲೆ ಗಮನಿಸಿ. ಗೋಡೆಯ ಪೋಸ್ಟರ್‌ನಲ್ಲಿ ಇನ್ನೊಂದು ಆಕೃತಿ ಅದೇ ಭಂಗಿಯಲ್ಲಿ ಹಾರುತ್ತಿದೆ, ಎದುರು ದಿಕ್ಕಿಗೆ. ನೀರಿನಲ್ಲಿ ಮನುಷ್ಯನ ಪ್ರತಿಬಿಂಬ. ಬಾಗಿದ ಪಟ್ಟಿಗಳು, ಅವುಗಳ ಸುತ್ತ ಅಲೆಯ ಬಾಗು. ಹಿಮ್ಮಡಿಗೂ ಅದರ ಪ್ರತಿಬಿಂಬಕ್ಕೂ ನಡುವೆ ಕೂದಲೆಳೆಯ ಅಂತರ. ಬೇಲಿಯ ಸಂದಿಯಲ್ಲಿ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಪೋಸ್ಟರ್ ನೋಡಿ, ಅಲೆ ನೋಡಿ, ಲೆಕ್ಕ ಹಾಕಿ ಒತ್ತಿದರು ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಆದರೆ ಅದಕ್ಕೆ ಮೊದಲು ಕಾರ್ಟಿಯೆ-ಬ್ರೆಸಾಂ ಚಿತ್ರಕಾರ ಆಂದ್ರೆ ಲೋತ್ ಬಳಿ ಸಂಯೋಜನೆ ಕಲಿತಿದ್ದರು ಎಂಬುದೂ ನಿಜ.

ಆರಂಭದ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಒತ್ತುವಾಗ ಯಾರೂ ನೋಡುವುದಿಲ್ಲ. ಒತ್ತುವ ಮೊದಲಿನ ವರ್ಷಗಳಲ್ಲಿ ನೋಡಿರುತ್ತಾರೆ, ಮತ್ತೆ ಹತ್ತು ಫ್ರೇಮ್‌ಗಳಲ್ಲಿ ಒಂದನ್ನು ಆರಿಸುವಾಗ ನೋಡುತ್ತಾರೆ. ಆರಿಸುವುದೂ ತೆಗೆಯುವುದರ ಭಾಗವೇ.

ಬೆಳಗಿನ ಬಿಸಿಲು
ಆದರೆ ಆರಿಸುವಾಗ ನಾನು ಮೊದಲನೆಯದನ್ನೇ ಆರಿಸಿದ್ದೆನಲ್ಲ.

ಕಪ್ಪುಬಿಳುಪು
ಮಗಳಾಗಿ ಆರಿಸಿದಿರಿ. ಅದನ್ನು ಮನೆಯಲ್ಲಿಡಿ. ಇದನ್ನು ಹೊರಗೆ ತೋರಿಸಿ.

ಮೊಬೈಲೇ ಸಾಕು
ಅಪ್ಪನನ್ನೇ ಕೇಳಿದಿರಾ?

ಬೆಳಗಿನ ಬಿಸಿಲು
ಈಗಷ್ಟೇ ಕೇಳಿದೆ. ಮೊದಲನೆಯದನ್ನು ನೋಡಿ "ಹಲ್ಲು ಕಾಣುತ್ತಿದೆ, ಬೇಡ" ಎಂದರು. ಎರಡನೆಯದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಕೈ ತೋರಿಸಿ, "ನನ್ನ ಕೈ ಇಷ್ಟು ಮುದಿಯಾಗಿದೆಯೇ?" ಎಂದರು.

ಆಮೇಲೆ ಕೆಳಮೂಲೆಗೆ ಬೆರಳಿಟ್ಟು ನಕ್ಕರು. ಅದು ದಿಂಬಲ್ಲವಂತೆ, ಬೆಕ್ಕಿನ ಕಿವಿ. ಅವರು ಪತ್ರಿಕೆ ಓದುವಾಗ ಅದು ದಿನವೂ ಕಾಲ ಹತ್ತಿರ ಬಂದು ಕೂರುತ್ತದೆ. ಮುಂದಿನ ಫ್ರೇಮ್ ತೆರೆದು ನೋಡಿದೆ. ಹೌದು, ಇಡೀ ಬೆಕ್ಕು ಒಳಗೆ ಬಂದಿದೆ.

ಸುಮ್ಮನೆ ಓದುವವ
ಎರಡು ದಿನದಿಂದ ಬೆಕ್ಕಿನ ಕಿವಿಯ ತೂಕ ಅಳೆಯುತ್ತಿದ್ದೆವೇ?

ನಿಧಾನ
ಕಿವಿಯಾದರೂ ತ್ರಿಕೋನ ತ್ರಿಕೋನವೇ. ಒಂದಕ್ಷರ ಹಿಂತೆಗೆದುಕೊಳ್ಳುವುದಿಲ್ಲ.

ಚೌಕಟ್ಟಿನಾಚೆ
ಈಗ ನಾನೂ ಎರಡನೆಯ ಫೋಟೋದ ಕಡೆಗೆ. ಕಾರಣ ನಿಮ್ಮದಲ್ಲ, ಬೆಕ್ಕಿನದು.

ಹಳೆಯ ಕ್ಯಾಮೆರಾ
ಬಿಳಿ ಬೆಕ್ಕೇ? ಹಾಗಾದರೆ ಮುಂದಿನ ಸಲ ಎಚ್ಚರ. ಚೌಕಟ್ಟು ತುಂಬ ಬಿಳಿ ಬಂದರೆ ಕ್ಯಾಮೆರಾದ ಬೆಳಕು ಮಾಪಕ ಅದನ್ನು ನಡುಬೂದು ಎಂದುಕೊಂಡು ಕತ್ತಲು ಮಾಡಿಬಿಡುತ್ತದೆ. ಒಡ್ಡುವಿಕೆಯನ್ನು ಒಂದು ಹಂತ ಮೇಲಕ್ಕೆ ಇಡಿ, ಇಲ್ಲದಿದ್ದರೆ ಬೂದಿಯಲ್ಲಿ ಹೊರಳಿದ ಬೆಕ್ಕು ಸಿಗುತ್ತದೆ.

ಗೆರೆಗಾರ
ಬೆಕ್ಕು ಪೂರ್ತಿ ಇರುವ ಫ್ರೇಮ್ ಹಾಕಿ. ಅದರಲ್ಲಿ ಪರದೆ ಕೋಲು ಯಾರ ಕಿವಿಯಿಂದ ಹೊರಟಿದೆ ನೋಡೋಣ.